ಹೇಳಿದರು, ಒಪ್ಪಿದರು, ಬೆದರಿಸಿದರು: ಇಂಗ್ಲಿಷಿನಲ್ಲಿ ಮಾತನ್ನು ವರದಿ ಮಾಡುವ ಬಗೆ

ಒಬ್ಬರು ಆಡಿದ ಮಾತನ್ನು ಮತ್ತೊಬ್ಬರಿಗೆ ಮುಟ್ಟಿಸಲು ಇಂಗ್ಲಿಷಿನಲ್ಲಿ ಎರಡು ದಾರಿಗಳಿವೆ. ಮಾತನ್ನು ಇದ್ದಹಾಗೇ ಉದ್ಧರಣ ಚಿಹ್ನೆಯೊಳಗೆ ಇಡುವುದು ಒಂದು. ಮಾತಿನ ತಿರುಳನ್ನು ತೆಗೆದು ತಮ್ಮದೇ ವಾಕ್ಯದೊಳಗೆ ಸೇರಿಸಿ ಹೇಳುವುದು ಇನ್ನೊಂದು. ಈ ಎರಡನೆಯದಕ್ಕೆ ಶಾಲೆಗಳಲ್ಲಿ ಇನ್‌ಡೈರೆಕ್ಟ್ ಸ್ಪೀಚ್ ಅಥವಾ ರಿಪೋರ್ಟೆಡ್ ಸ್ಪೀಚ್ ಎಂಬ ಹೆಸರು ರೂಢಿಯಲ್ಲಿದೆ. ‘ಐ ಆ್ಯಮ್ ಟೈರ್ಡ್’ ಎಂದು ಒಬ್ಬ ಹೇಳಿದ್ದು ವರದಿಯಲ್ಲಿ ‘ಹಿ ಸೆಡ್ ದಟ್ ಹಿ ವಾಸ್ ಟೈರ್ಡ್’ ಎಂದಾಗುತ್ತದೆ. ಈ ವಾಕ್ಯದಲ್ಲಿ ಮಾತನ್ನು ಹೊತ್ತು ತರುವ ಪದ ‘ಸೆಡ್’. ಅದೇ ವರದಿ ಕ್ರಿಯಾಪದ.

ಶಾಲೆಯ ಪಾಠದಲ್ಲಿ ಗಮನವೆಲ್ಲ ಈ ಕ್ರಿಯಾಪದದ ಬಲಕ್ಕಿರುವ ಭಾಗದ ಮೇಲೆ. ‘ಈಸ್’ ಎಂಬುದು ‘ವಾಸ್’ ಆಗಬೇಕು, ‘ವಿಲ್’ ಎಂಬುದು ‘ವುಡ್’ ಆಗಬೇಕು, ‘ಟುಮಾರೊ’ ಹೋಗಿ ‘ದ ನೆಕ್ಸ್ಟ್ ಡೇ’ ಬರಬೇಕು, ‘ಹಿಯರ್’ ಇದ್ದಲ್ಲಿ ‘ದೇರ್’ ಬರಬೇಕು. ಭಾರತದಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿರುವ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ 1930ರ ದಶಕದ್ದು. ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ ಎಂಬ ಅದರ ವಿಂಗಡಣೆಯೇ ಇಂದಿಗೂ ಬಹುತೇಕ ತರಗತಿಗಳಲ್ಲಿ ನಡೆದುಬರುತ್ತಿದೆ. ಕರ್ನಾಟಕದ ಪಿಯುಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲೂ ಪುಟ್ಟ ಸಂಭಾಷಣೆಯೊಂದನ್ನು ಕೊಟ್ಟು ವರದಿ ಮಾಡಿ ಎನ್ನುತ್ತಾರೆ. ವಿದ್ಯಾರ್ಥಿಗಳು ಕಾಲ, ಸರ್ವನಾಮಗಳನ್ನು ತಪ್ಪಿಲ್ಲದೆ ಬದಲಿಸುವುದನ್ನು ಕಲಿಯುತ್ತಾರೆ. ಅಂಕವೂ ಬರುತ್ತದೆ. ಕ್ರಿಯಾಪದ ಮಾತ್ರ ‘ಸೆಡ್’, ‘ಟೋಲ್ಡ್’, ‘ಆಸ್ಕ್‌ಡ್’ ಎಂಬ ಮೂರರಲ್ಲೇ ನಿಂತುಬಿಡುತ್ತದೆ. ಇಂಗ್ಲಿಷನ್ನು ಸಲೀಸಾಗಿ ಬರೆಯುವವರು ದಿನವೂ ಬಳಸುವ ‘ಅಡ್ಮಿಟ್’, ‘ಡಿನೈ’, ‘ಇನ್ಸಿಸ್ಟ್’, ‘ವಾರ್ನ್’, ‘ಅರ್ಜ್’, ‘ಆಫರ್’, ‘ರಿಫ್ಯೂಸ್’ ಮುಂತಾದ ಹತ್ತಾರು ಪದಗಳು ಓದುವಾಗ ಅರ್ಥವಾಗುತ್ತವೆ, ಬರೆಯುವಾಗ ನೆನಪಿಗೆ ಬರುವುದಿಲ್ಲ. ನೆನಪಾದರೂ ವಾಕ್ಯದಲ್ಲಿ ಹೇಗೆ ಕೂರಿಸಬೇಕೆಂಬ ಅಳುಕಿನಿಂದ ಮತ್ತೆ ‘ಸೆಡ್’ಗೇ ಮರಳುತ್ತಾರೆ. ಆ ಅಳುಕಿಗೆ ಕಾರಣವೂ ಇದೆ.

ಎಲ್ಲಕ್ಕೂ ಒಂದೇ ‘ಎಂದು’

ಬಗೆಬಗೆಯ ಮಾತಿಗೆ ಬಗೆಬಗೆಯ ಕ್ರಿಯಾಪದ ಎಂಬುದು ಕನ್ನಡಿಗರಿಗೆ ಹೊಸದಲ್ಲ. ಗದರಿದ, ಗೊಣಗಿದ, ಅಂಗಲಾಚಿದ, ಕೊಚ್ಚಿಕೊಂಡ, ಹಂಗಿಸಿದ, ತಾಕೀತು ಮಾಡಿದ, ಬುದ್ಧಿ ಹೇಳಿದ, ಸಮಜಾಯಿಷಿ ಕೊಟ್ಟ, ಅಲ್ಲಗಳೆದ, ಅಲವತ್ತುಕೊಂಡ – ಪಟ್ಟಿ ಎಷ್ಟು ಬೇಕಾದರೂ ಬೆಳೆಯುತ್ತದೆ. ವ್ಯತ್ಯಾಸ ಇರುವುದು ಜೋಡಣೆಯಲ್ಲಿ. ಕನ್ನಡದಲ್ಲಿ ಇವುಗಳಲ್ಲಿ ಯಾವುದನ್ನು ಬಳಸಿದರೂ ಅದರ ಹಿಂದೆ ‘ಎಂದು’ ಅಥವಾ ಆಡುಮಾತಿನ ‘ಅಂತ’ ಬಂದರೆ ಸಾಕು. ‘ನಾಳೆ ಬರ್ತೀನಿ ಅಂತ ಹೇಳ್ದ’, ‘ನಾಳೆ ಬರ್ತೀನಿ ಅಂತ ಮಾತು ಕೊಟ್ಟ’, ‘ನಾಳೆ ಬರ್ತೀನಿ ಅಂತ ಹೆದರಿಸ್ದ’: ಒಳಗಿನ ಮಾತು ಕದಲುವುದಿಲ್ಲ. ಆಡಿದವನ ‘ನಾನು’, ಆಡಿದ ಹೊತ್ತಿನ ‘ನಾಳೆ’, ಎರಡೂ ಹಾಗೇ ಉಳಿಯುತ್ತವೆ.

ಇಂಗ್ಲಿಷಿನಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ಕ್ರಿಯಾಪದವೇ ಮುಂದಿನ ವಾಕ್ಯದ ರೂಪವನ್ನು ನಿರ್ಧರಿಸುತ್ತದೆ. ‘ಸೇ’ ಎಂಬುದಕ್ಕೆ ‘ದಟ್’ ಸೇರಿದ ಉಪವಾಕ್ಯ ಬೇಕು. ‘ಪ್ರಾಮಿಸ್’ಗೆ ‘ಟು’ ಸೇರಿದ ಕ್ರಿಯಾರೂಪ ಸಾಕು. ‘ಅಡ್ವೈಸ್’ಗೆ ಮೊದಲು ಯಾರಿಗೆ ಎಂಬುದು, ಆಮೇಲೆ ‘ಟು’. ‘ಡಿನೈ’ಗೆ ‘ಇಂಗ್’ ರೂಪ. ‘ಅಕ್ಯೂಸ್’ಗೆ ಯಾರನ್ನು ಎಂಬುದರ ಜೊತೆಗೆ ‘ಆಫ್’. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ಎಲ್ಲ ಕ್ರಿಯಾಪದಗಳಿಗೂ ‘ದಟ್’ ಅನ್ನೇ ‘ಎಂದು’ವಿನಂತೆ ಅಂಟಿಸಲು ಹೋಗುತ್ತಾರೆ. ‘ಹಿ ಅಕ್ಯೂಸ್ಡ್ ದಟ್ ಐ ಟುಕ್ ದ ಮನಿ’ ಎಂಬಂಥ ವಾಕ್ಯಗಳು ಹುಟ್ಟುವುದು ಹೀಗೆ. ಇದು ದಡ್ಡತನವಲ್ಲ, ಕನ್ನಡದ ಒಳ್ಳೆಯ ನಿಯಮವೊಂದು ಅದಕ್ಕೆ ಜಾಗವಿಲ್ಲದ ಕಡೆ ಹೋಗಿ ಕೂತದ್ದು.

‘ಸೇ’ ಮತ್ತು ‘ಟೆಲ್’ ನಡುವಿನ ಗೊಂದಲದ ಬೇರೂ ಇಲ್ಲೇ ಇದೆ. ಕನ್ನಡದ ‘ಹೇಳು’ ಎರಡನ್ನೂ ಒಳಗೊಳ್ಳುತ್ತದೆ. ಇಂಗ್ಲಿಷಿನ ‘ಟೆಲ್’ ಬಂದರೆ ಅದರ ಬೆನ್ನಿಗೇ ಯಾರಿಗೆ ಎಂಬುದು ಬರಬೇಕು: ‘ಶಿ ಟೋಲ್ಡ್ ಮಿ ದಟ್ ದ ಶಾಪ್ ವಾಸ್ ಕ್ಲೋಸ್ಡ್’. ‘ಸೇ’ ಬಂದರೆ ಕೇಳುಗರನ್ನು ಹೆಸರಿಸಬೇಕಿಲ್ಲ. ಹೆಸರಿಸುವುದಾದರೆ ನಡುವೆ ‘ಟು’ ಬೇಕು. ಹಾಗಾಗಿ ‘ಶಿ ಟೋಲ್ಡ್ ದಟ್’ ಎಂಬುದೂ ‘ಶಿ ಸೆಡ್ ಮಿ ದಟ್’ ಎಂಬುದೂ ಎರಡೂ ತಪ್ಪೇ. ನಿಜ ಹೇಳುವುದು, ಸುಳ್ಳು ಹೇಳುವುದು, ಕತೆ ಹೇಳುವುದು ಇವೆಲ್ಲ ರೂಢಿಯಿಂದ ‘ಟೆಲ್’ ಪಾಲಿಗೆ ಹೋಗಿವೆ. ಅಲ್ಲಿ ಮಾತ್ರ ಕೇಳುಗರನ್ನು ಬಿಟ್ಟರೂ ನಡೆಯುತ್ತದೆ. ‘ಎಕ್ಸ್‌ಪ್ಲೈನ್’ ಎಂಬುದು ‘ಸೇ’ ಗುಂಪಿನದು. ‘ಹಿ ಎಕ್ಸ್‌ಪ್ಲೈನ್ಡ್ ಮಿ ದ ರೂಲ್’ ಎಂಬುದು ಭಾರತದ ಕಚೇರಿಗಳಲ್ಲಿ ದಿನವೂ ಕೇಳಿಬರುತ್ತದೆ. ಅಲ್ಲಿ ‘ಎಕ್ಸ್‌ಪ್ಲೈನ್ಡ್ ದ ರೂಲ್ ಟು ಮಿ’ ಆಗಬೇಕು.

‘ಕೇಳು’ ಎಂಬ ಕನ್ನಡ ಪದ ಇನ್ನೂ ಉದಾರಿ. ಪ್ರಶ್ನೆ ಕೇಳುವುದು, ಸಾಲ ಕೇಳುವುದು, ಹಾಡು ಕೇಳುವುದು ಎಲ್ಲವೂ ಅದರಲ್ಲೇ. ವರದಿ ಮಾತಿನ ಮಟ್ಟಿಗೆ ಮೊದಲ ಎರಡು ಮುಖ್ಯ. ಪ್ರಶ್ನೆಯಾದರೆ ‘ಆಸ್ಕ್’ ನಂತರ ‘ಇಫ್’, ‘ವೆದರ್’ ಅಥವಾ ಪ್ರಶ್ನೆಪದ ಬರುತ್ತದೆ, ಮತ್ತು ಮುಂದಿನ ಪದಕ್ರಮ ಹೇಳಿಕೆಯಂತೆ ನೇರವಾಗುತ್ತದೆ: ‘ಶಿ ಆಸ್ಕ್‌ಡ್ ವೇರ್ ಐ ಲಿವ್ಡ್’. ‘ವೇರ್ ಡಿಡ್ ಐ ಲಿವ್’ ಎಂದಾಗದು. ಕೋರಿಕೆಯಾದರೆ ‘ಶಿ ಆಸ್ಕ್‌ಡ್ ಮಿ ಟು ವೇಟ್’. ವಸ್ತುವನ್ನು ಕೇಳಿದರೆ ‘ಆಸ್ಕ್‌ಡ್ ಫಾರ್’. ಪ್ರಶ್ನೆಯನ್ನು ಬೇರೆಯವರಿಗೆ ಕೇಳದೆ ತನ್ನಲ್ಲೇ ಕೇಳಿಕೊಂಡರೆ ‘ವಂಡರ್’. ‘ಹಿ ವಂಡರ್ಡ್ ವೆದರ್ ದ ಬಸ್ ಹ್ಯಾಡ್ ಲೆಫ್ಟ್’ ಎಂದರೆ ಬಸ್ಸು ಹೊರಟುಹೋಯಿತೇನೋ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ ಎಂದರ್ಥ.

ಕ್ರಿಯಾಪದ ಮತ್ತು ಅದರ ಬೆನ್ನಿಗೆ ಬರುವುದು

ವರದಿ ಕ್ರಿಯಾಪದಗಳನ್ನು ಅರ್ಥದ ಪಟ್ಟಿ ಮಾಡಿ ಬಾಯಿಪಾಠ ಹೊಡೆಯುವುದಕ್ಕಿಂತ, ಅವುಗಳ ಬೆನ್ನಿಗೆ ಏನು ಬರುತ್ತದೆ ಎಂಬುದರ ಮೇಲೆ ಗುಂಪು ಮಾಡಿಕೊಂಡರೆ ಬಹಳ ಬೇಗ ಹಿಡಿತ ಸಿಗುತ್ತದೆ.

ಅತಿ ಸುಲಭದ ಗುಂಪು ‘ಟು’ ರೂಪದ್ದು. ‘ಪ್ರಾಮಿಸ್’, ‘ಆಫರ್’, ‘ಅಗ್ರೀ’, ‘ರಿಫ್ಯೂಸ್’, ‘ಥ್ರೆಟನ್’ ಇಲ್ಲಿ ಸೇರುತ್ತವೆ. ಇವೆಲ್ಲ ಆಡಿದವರು ಮುಂದೆ ತಾವೇ ಮಾಡುವ ಅಥವಾ ಮಾಡದಿರುವ ಕೆಲಸದ ಬಗ್ಗೆ. ‘ಐ ವಿಲ್ ಕ್ಯಾರಿ ಯುವರ್ ಬ್ಯಾಗ್’ ಎಂದು ಒಬ್ಬಾಕೆ ಹೇಳಿದ್ದನ್ನು ‘ಶಿ ಸೆಡ್ ದಟ್ ಶಿ ವುಡ್ ಕ್ಯಾರಿ ಮೈ ಬ್ಯಾಗ್’ ಎನ್ನಬಹುದು; ‘ಶಿ ಆಫರ್ಡ್ ಟು ಕ್ಯಾರಿ ಮೈ ಬ್ಯಾಗ್’ ಎಂದರೆ ಮಾತು ಚಿಕ್ಕದಾಯಿತು, ಆಕೆಯ ಸೌಜನ್ಯವೂ ವರದಿಯಾಯಿತು. ಇನ್ನೊಂದು ಲಾಭ: ‘ಟು’ ರೂಪದಲ್ಲಿ ಕಾಲ ಬದಲಿಸುವ ತಾಪತ್ರಯವೇ ಇಲ್ಲ. ‘ವಿಲ್’ ಅನ್ನು ‘ವುಡ್’ ಮಾಡಬೇಕೆ, ‘ಐ’ ಅನ್ನು ‘ಶಿ’ ಮಾಡಬೇಕೆ ಎಂಬ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಶಾಲೆಯಲ್ಲಿ ವಾರಗಟ್ಟಲೆ ತಲೆನೋವು ತರುವ ಭಾಗ ಇಲ್ಲಿ ತಾನಾಗಿ ಕಳಚಿಕೊಳ್ಳುತ್ತದೆ ಎಂಬುದನ್ನು ಪಾಠ ಮಾಡುವವರು ಒತ್ತಿ ಹೇಳಬೇಕು.

ಎರಡನೆಯ ಗುಂಪಿನಲ್ಲಿ ಮಾತು ಇನ್ನೊಬ್ಬರಿಂದ ಕೆಲಸ ಮಾಡಿಸಲು ಹೊರಟಿರುತ್ತದೆ. ಆ ಇನ್ನೊಬ್ಬರು ಯಾರೆಂದು ಹೇಳದೆ ವಾಕ್ಯ ಮುಂದೆ ಹೋಗುವುದಿಲ್ಲ. ‘ಟೆಲ್’, ‘ಆಸ್ಕ್’, ‘ಅಡ್ವೈಸ್’, ‘ರಿಮೈಂಡ್’, ‘ವಾರ್ನ್’, ‘ಇನ್ವೈಟ್’, ‘ಎನ್‌ಕರೇಜ್’, ‘ಅರ್ಜ್’, ‘ಆರ್ಡರ್’, ‘ಬೆಗ್’ ಈ ಸಾಲಿನವು. ‘ಸಿಟ್ ಡೌನ್’ ಎಂಬ ಎರಡೇ ಪದಗಳನ್ನು ತೆಗೆದುಕೊಂಡರೆ ಈ ಗುಂಪಿನ ಶಕ್ತಿ ಗೊತ್ತಾಗುತ್ತದೆ. ವೈದ್ಯರು ರೋಗಿಗೆ ಹೇಳಿದರೆ ‘ಆಸ್ಕ್‌ಡ್ ಹಿಮ್ ಟು ಸಿಟ್ ಡೌನ್’. ಮನೆಗೆ ಬಂದ ಅತಿಥಿಗೆ ಹೇಳಿದರೆ ‘ಇನ್ವೈಟೆಡ್ ಹಿಮ್ ಟು’. ಸಭೆಯಲ್ಲಿ ಗದ್ದಲ ಎಬ್ಬಿಸಿದವನಿಗೆ ಅಧ್ಯಕ್ಷರು ಹೇಳಿದರೆ ‘ಆರ್ಡರ್ಡ್ ಹಿಮ್ ಟು’. ಜಗಳಕ್ಕೆ ಎದ್ದ ಗಂಡನಿಗೆ ಹೆಂಡತಿ ಕಣ್ಣೀರಿಟ್ಟು ಹೇಳಿದರೆ ‘ಬೆಗ್ಡ್ ಹಿಮ್ ಟು’. ಆಡಿದ ಪದಗಳು ನಾಲ್ಕೂ ಕಡೆ ಒಂದೇ. ದನಿ, ಸಲಿಗೆ, ಅಧಿಕಾರ ಬೇರೆ ಬೇರೆ. ನೇರ ಮಾತಿನಲ್ಲಿ ದನಿ ತಿಳಿಸುತ್ತಿದ್ದುದನ್ನು ವರದಿಯಲ್ಲಿ ಕ್ರಿಯಾಪದ ತಿಳಿಸಬೇಕಾಗುತ್ತದೆ. ಬೇಡ ಎನ್ನುವುದಾದರೆ ‘ಟು’ವಿನ ಹಿಂದೆ ‘ನಾಟ್’ ಸೇರುತ್ತದೆ: ‘ಅಡ್ವೈಸ್ಡ್ ಹರ್ ನಾಟ್ ಟು ಸೈನ್’.

ಮೂರನೆಯದು ‘ಇಂಗ್’ ಗುಂಪು. ‘ಅಡ್ಮಿಟ್’, ‘ಡಿನೈ’, ‘ಸಜೆಸ್ಟ್’, ‘ರೆಕಮೆಂಡ್’ ಇದರಲ್ಲಿ ಸೇರುತ್ತವೆ; ಇವಕ್ಕೆ ‘ದಟ್’ ಉಪವಾಕ್ಯವೂ ಒಗ್ಗುತ್ತದೆ. ‘ಹಿ ಅಡ್ಮಿಟೆಡ್ ಬ್ರೇಕಿಂಗ್ ದ ಗ್ಲಾಸ್’ ಎಂದರೂ ಸರಿ, ‘ಹಿ ಅಡ್ಮಿಟೆಡ್ ದಟ್ ಹಿ ಹ್ಯಾಡ್ ಬ್ರೋಕನ್ ದ ಗ್ಲಾಸ್’ ಎಂದರೂ ಸರಿ.

ಈ ಗುಂಪಿನ ‘ಡಿನೈ’ ಕನ್ನಡಿಗರಿಗೆ ಎರಡು ಕಡೆ ತೊಡಕು ತರುತ್ತದೆ. ‘ತಾನು ಹಣ ತೆಗೆದುಕೊಂಡಿಲ್ಲ ಎಂದು ನಿರಾಕರಿಸಿದ’ ಎಂದು ಕನ್ನಡದಲ್ಲಿ ಬರೆಯುವುದು ರೂಢಿ. ಇಲ್ಲಿ ‘ಎಂದು’ವಿನ ಒಳಗಿರುವುದು ಅವನಾಡಿದ ಮಾತು, ಆದ್ದರಿಂದ ಅದರೊಳಗೆ ‘ಇಲ್ಲ’ ಇದೆ. ಇಂಗ್ಲಿಷಿನ ‘ಡಿನೈ’ ಒಳಗೇ ‘ಇಲ್ಲ’ ಅಡಗಿದೆ. ಅದರ ಮುಂದೆ ಬರುವುದು ಅವನ ಮಾತಲ್ಲ, ಅವನು ತಳ್ಳಿಹಾಕಿದ ಆರೋಪ. ‘ಹಿ ಡಿನೈಡ್ ಟೇಕಿಂಗ್ ದ ಮನಿ’ ಎಂದಷ್ಟೇ ಸಾಕು. ‘ಹಿ ಡಿನೈಡ್ ದಟ್ ಹಿ ಹ್ಯಾಡ್ ನಾಟ್ ಟೇಕನ್’ ಎಂದು ಬರೆದರೆ, ತೆಗೆದುಕೊಂಡಿಲ್ಲ ಎಂಬುದನ್ನೇ ಅವನು ಅಲ್ಲಗಳೆದ, ಅಂದರೆ ತೆಗೆದುಕೊಂಡೆ ಎಂದ ಎಂಬ ಅರ್ಥ ಬಂದು ಅನಾಹುತವಾಗುತ್ತದೆ. ಎರಡನೆಯ ತೊಡಕು, ‘ನಿರಾಕರಿಸು’ ಎಂಬ ಒಂದೇ ಪದ ಇಂಗ್ಲಿಷಿನ ‘ಡಿನೈ’, ‘ರಿಫ್ಯೂಸ್’ ಎರಡಕ್ಕೂ ನಿಲ್ಲುವುದು. ನಡೆದುಹೋದ ಸಂಗತಿಯನ್ನು, ಹೊರಿಸಿದ ಆರೋಪವನ್ನು ತಳ್ಳಿಹಾಕಿದರೆ ‘ಡಿನೈ’. ಮುಂದೆ ಮಾಡಬೇಕಾದ ಕೆಲಸಕ್ಕೆ ಒಲ್ಲೆ ಎಂದರೆ ‘ರಿಫ್ಯೂಸ್’. ಸಾಕ್ಷಿ ಹೇಳಲು ಬರುವುದಿಲ್ಲ ಎಂದವನು ‘ರಿಫ್ಯೂಸ್ಡ್ ಟು’, ಅಲ್ಲಿ ನಾನಿರಲೇ ಇಲ್ಲ ಎಂದವನು ‘ಡಿನೈಡ್ ಬೀಯಿಂಗ್ ದೇರ್’.

ಇಂಥದೇ ಇನ್ನೊಂದು ಅಪಾಯದ ಜಾಗ ‘ಡೌಟ್’. ‘ಅವನೇ ಕದ್ದಿರಬೇಕು ಎಂದು ಪೊಲೀಸರಿಗೆ ಅನುಮಾನ’ ಎಂಬುದನ್ನು ‘ದ ಪೊಲೀಸ್ ಡೌಟ್ ದಟ್ ಹಿ ಸ್ಟೋಲ್ ಇಟ್’ ಎಂದು ಬರೆದರೆ ಅರ್ಥ ತಿರುಗುಮುರುಗಾಗುತ್ತದೆ. ಇಂಗ್ಲಿಷಿನ ‘ಡೌಟ್’ ಎಂದರೆ ಹಾಗಿರಲಿಕ್ಕಿಲ್ಲ ಎಂಬ ಭಾವ. ಹಾಗಿರಬಹುದು ಎಂಬ ಅನುಮಾನಕ್ಕೆ ‘ಸಸ್ಪೆಕ್ಟ್’ ಇದೆ. ದೂರು, ಮಹಜರು, ವಿಮೆಯ ಕಾಗದಪತ್ರಗಳನ್ನು ಇಂಗ್ಲಿಷಿನಲ್ಲಿ ಬರೆಯುವವರು ಈ ಒಂದು ಜೋಡಿಯನ್ನು ಕಲಿತುಕೊಂಡರೂ ದೊಡ್ಡ ಉಪಕಾರ.

ನಾಲ್ಕನೆಯ ಗುಂಪಿನ ಪದಗಳಿಗೆ ಒಂದೊಂದು ವಿಭಕ್ತಿಸೂಚಕ ಗಂಟುಬಿದ್ದಿದೆ: ‘ಅಕ್ಯೂಸ್ ಆಫ್’, ‘ಬ್ಲೇಮ್ ಫಾರ್’, ‘ಥ್ಯಾಂಕ್ ಫಾರ್’, ‘ಅಪಾಲಜೈಸ್ ಫಾರ್’, ‘ಕಂಗ್ರಾಚುಲೇಟ್ ಆನ್’, ‘ಇನ್ಸಿಸ್ಟ್ ಆನ್’, ‘ಕಂಪ್ಲೇನ್ ಅಬೌಟ್’. ಇಲ್ಲಿ ತರ್ಕ ಹುಡುಕಿ ಫಲವಿಲ್ಲ, ರೂಢಿಯನ್ನು ಕಲಿಯಬೇಕು. ಆದರೆ ಇಡೀ ಉದ್ಗಾರಗಳನ್ನೇ ನುಂಗಿಕೊಳ್ಳುವ ಅನುಕೂಲ ಈ ಗುಂಪಿಗಿದೆ. ಹಳೆಯ ವ್ಯಾಕರಣಗಳ ಪ್ರಕಾರ ‘ಹುರ್ರಾ! ಯು ಹ್ಯಾವ್ ವನ್!’ ಎಂಬುದು ‘ಹಿ ಎಕ್ಸ್‌ಕ್ಲೇಮ್ಡ್ ವಿತ್ ಜಾಯ್ ದಟ್...’ ಎಂದಾಗಬೇಕಿತ್ತು. ತರಗತಿಯ ಹೊರಗೆ ಇಂದು ಹಾಗೆ ಬರೆಯುವವರು ಕಡಿಮೆ. ‘ಹಿ ಕಂಗ್ರಾಚುಲೇಟೆಡ್ ಹರ್ ಆನ್ ವಿನ್ನಿಂಗ್’ ಎಂದು ಮುಗಿಸುತ್ತಾರೆ. ಇದೇ ರೀತಿ ನಮಸ್ಕಾರ ಹೇಳಿದ್ದು ‘ಗ್ರೀಟೆಡ್’, ಹುಟ್ಟುಹಬ್ಬಕ್ಕೆ ಹಾರೈಸಿದ್ದು ‘ವಿಶ್ಡ್’, ಸುಳ್ಳುಗಾರ ಎಂದು ಬೈದದ್ದು ‘ಕಾಲ್ಡ್ ಹಿಮ್ ಎ ಲಯರ್’.

ಇನ್ನು ‘ಇನ್ಸಿಸ್ಟ್’. ‘ಶಿ ಇನ್ಸಿಸ್ಟೆಡ್ ದಟ್ ಹಿ ವಾಸ್ ಪ್ರೆಸೆಂಟ್’ ಎಂದರೆ ಅವನು ಅಲ್ಲಿದ್ದ ಎಂದು ಆಕೆ ಪಟ್ಟುಹಿಡಿದು ಹೇಳಿದಳು. ‘ಶಿ ಇನ್ಸಿಸ್ಟೆಡ್ ದಟ್ ಹಿ ಬಿ ಪ್ರೆಸೆಂಟ್’ ಎಂದರೆ ಅವನು ಅಲ್ಲಿರಲೇಬೇಕು ಎಂದು ಆಗ್ರಹಪಡಿಸಿದಳು. ಬದಲಾದದ್ದು ಒಂದು ಪುಟ್ಟ ಪದ. ‘ಡಿಮ್ಯಾಂಡ್’, ‘ಸಜೆಸ್ಟ್’, ‘ರೆಕಮೆಂಡ್’ ಮುಂದೆಯೂ ಹೀಗೆ ಕಾಲವೇ ಇಲ್ಲದ ಮೂಲರೂಪ ಬರುತ್ತದೆ. ಅಮೆರಿಕದಲ್ಲಿ ಇದೇ ಹೆಚ್ಚು ರೂಢಿ. ಬ್ರಿಟನ್ನಿನಲ್ಲಿ ‘ಶುಡ್’ ಸೇರಿಸುವವರು ಬಹಳ.

ಒಂದೇ ಮಾತು, ಎರಡು ವರದಿ

ಇಷ್ಟು ವ್ಯಾಕರಣದ ಮಾತಾಯಿತು. ವರದಿ ಕ್ರಿಯಾಪದದ ನಿಜವಾದ ತೂಕ ತಿಳಿಯಲು ಒಂದು ಕಚೇರಿಯ ಸಂಭಾಷಣೆಯನ್ನು ಹತ್ತಿರದಿಂದ ನೋಡಬಹುದು. ಶಾಲಿನಿ ಮೇಲಧಿಕಾರಿ, ಮಹೇಶ್ ಆಕೆಯ ಕೈಕೆಳಗೆ ಕೆಲಸ ಮಾಡುವವರು ಎಂದಿಟ್ಟುಕೊಳ್ಳಬಹುದು. ಶಾಲಿನಿ ಹೇಳುತ್ತಾರೆ: ‘ಯು ಹ್ಯಾವ್ ಡಿಲೇಯ್ಡ್ ದ ರಿಪೋರ್ಟ್ ಅಗೈನ್.’ ಮಹೇಶ್: ‘ಯೆಸ್, ಐ ಹ್ಯಾವ್. ಐ ಆ್ಯಮ್ ಸಾರಿ.’ ಶಾಲಿನಿ: ‘ಇಫ್ ಇಟ್ ಈಸ್ ನಾಟ್ ಹಿಯರ್ ಬೈ ಟೆನ್ ಟುಮಾರೊ, ಐ ವಿಲ್ ರೈಟ್ ಟು ದ ಹೆಡ್ ಆಫೀಸ್.’ ಮಹೇಶ್: ‘ಐ ವಿಲ್ ಸೆಂಡ್ ಇಟ್ ಬೈ ನೈನ್.’

ಸಂಜೆ ಮಹೇಶ್ ಇದನ್ನು ಗೆಳೆಯನಿಗೆ ಬರೆಯುತ್ತಾರೆ: ‘ಶಿ ಅಕ್ಯೂಸ್ಡ್ ಮಿ ಆಫ್ ಡಿಲೇಯಿಂಗ್ ದ ರಿಪೋರ್ಟ್. ಐ ಅಪಾಲಜೈಸ್ಡ್, ಬಟ್ ಶಿ ಥ್ರೆಟನ್ಡ್ ಟು ರೈಟ್ ಟು ದ ಹೆಡ್ ಆಫೀಸ್. ಐ ಆಫರ್ಡ್ ಟು ಸೆಂಡ್ ಇಟ್ ಬೈ ನೈನ್.’ ಅದೇ ಹೊತ್ತಿಗೆ ಶಾಲಿನಿ ಕಡತಕ್ಕೆ ಟಿಪ್ಪಣಿ ಹಾಕುತ್ತಾರೆ: ‘ಐ ಪಾಯಿಂಟೆಡ್ ಔಟ್ ದಟ್ ದ ರಿಪೋರ್ಟ್ ವಾಸ್ ಲೇಟ್ ಅಗೈನ್. ಹಿ ಅಡ್ಮಿಟೆಡ್ ದಿಸ್. ಐ ವಾರ್ನ್ಡ್ ಹಿಮ್ ದಟ್ ಐ ವುಡ್ ರೈಟ್ ಟು ದ ಹೆಡ್ ಆಫೀಸ್. ಹಿ ಪ್ರಾಮಿಸ್ಡ್ ಟು ಸೆಂಡ್ ಇಟ್ ಬೈ ನೈನ್.’

ಇಬ್ಬರೂ ಸುಳ್ಳು ಹೇಳಿಲ್ಲ, ಆದರೂ ಕೋಣೆಯಲ್ಲಿ ನಡೆದದ್ದು ಎರಡು ಬೇರೆ ಘಟನೆಗಳಂತೆ ಕಾಣುತ್ತದೆ. ‘ಅಕ್ಯೂಸ್’ ಎಂದಾಗ ಆರೋಪ ನಿಜವೋ ಸುಳ್ಳೋ ಎಂಬುದು ತೆರೆದ ಪ್ರಶ್ನೆ. ‘ಪಾಯಿಂಟ್ ಔಟ್’ ಎಂದಾಗ ಅದು ನಿಜವೆಂದು ವರದಿಗಾರರೇ ಮುದ್ರೆ ಒತ್ತಿದಂತೆ. ‘ಥ್ರೆಟನ್’ ಎಂದರೆ ಅಧಿಕಾರದ ಬೆದರಿಕೆ, ‘ವಾರ್ನ್’ ಎಂದರೆ ಮುಂದಿನ ಕೇಡಿನ ಬಗ್ಗೆ ಕೊಟ್ಟ ಎಚ್ಚರಿಕೆ. ‘ಆಫರ್’ನಲ್ಲಿ ಮಹೇಶ್ ತಾವಾಗಿ ಮುಂದೆ ಬಂದಿದ್ದಾರೆ, ‘ಪ್ರಾಮಿಸ್’ನಲ್ಲಿ ಮಾತು ಕೊಟ್ಟು ಕಟ್ಟುಬಿದ್ದಿದ್ದಾರೆ, ನಾಳೆ ಒಂಬತ್ತಕ್ಕೆ ವರದಿ ಬಾರದಿದ್ದರೆ ಮಾತು ತಪ್ಪಿದವರಾಗುತ್ತಾರೆ.

ಮಾತು ಬರಿಯ ವಿವರಣೆಯಲ್ಲ, ಅದೇ ಒಂದು ಕೆಲಸ ಎಂಬುದನ್ನು ಆಕ್ಸ್‌ಫರ್ಡಿನ ತತ್ತ್ವಜ್ಞ ಜೆ.ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸಗಳಲ್ಲಿ ವಿಸ್ತಾರವಾಗಿ ತೋರಿಸಿದರು. ಅವರ ನಿಧನದ ನಂತರ, 1962ರಲ್ಲಿ, ಅವು ಪುಸ್ತಕವಾದವು. ‘ಐ ಪ್ರಾಮಿಸ್’ ಎಂದು ಉಚ್ಚರಿಸುವುದೇ ಮಾತು ಕೊಡುವ ಕ್ರಿಯೆ. ‘ಐ ಅಪಾಲಜೈಸ್’ ಎನ್ನುವುದೇ ಕ್ಷಮೆ ಕೇಳುವುದು. ಹೀಗೆ ಆಡಿದವರೇ ಹೆಸರಿಟ್ಟು ಮಾಡಿದ ಕೆಲಸವನ್ನು ಅದೇ ಪದದಿಂದ ವರದಿ ಮಾಡಿದರೆ ತಕರಾರಿಗೆ ಎಡೆಯಿಲ್ಲ. ಆದರೆ ‘ಬೋಸ್ಟ್’, ‘ಹಿಂಟ್’, ‘ಇನ್‌ಸಿನ್ಯುಯೇಟ್’ ಮುಂತಾದವು ಬೇರೆ ಜಾತಿಯವು. ‘ನಾನು ಈ ಮೂಲಕ ಕೊಚ್ಚಿಕೊಳ್ಳುತ್ತೇನೆ’ ಎಂದು ಯಾರೂ ಕೊಚ್ಚಿಕೊಳ್ಳುವುದಿಲ್ಲ. ‘ನಾನು ಸೂಚ್ಯವಾಗಿ ಚುಚ್ಚುತ್ತಿದ್ದೇನೆ’ ಎಂದರೆ ಚುಚ್ಚುವಿಕೆ ಅಲ್ಲೇ ಮುಗಿದುಹೋಗುತ್ತದೆ. ಈ ಪದಗಳು ಆಡಿದವರ ಬಾಯಲ್ಲಿ ಇರುವುದೇ ಇಲ್ಲ, ವರದಿ ಮಾಡುವವರ ಬಾಯಲ್ಲಿ ಮಾತ್ರ ಇರುತ್ತವೆ. ಇವನ್ನು ಬಳಸುವುದೆಂದರೆ ಇನ್ನೊಬ್ಬರ ಮಾತಿನ ಮೇಲೆ ತೀರ್ಪು ಕೊಡುವುದು. ತೀರ್ಪು ಕೊಡುವುದು ತಪ್ಪಲ್ಲ. ಕೊಡುತ್ತಿದ್ದೇವೆಂಬ ಅರಿವಿಲ್ಲದೆ ಕೊಡುವುದು ತಪ್ಪು.

ಪತ್ರಿಕೆಗಳಲ್ಲಿ ಈ ಎಚ್ಚರ ಅತ್ಯಗತ್ಯ. ಇಂಗ್ಲಿಷ್ ಪತ್ರಿಕಾವೃತ್ತಿಯಲ್ಲಿ ‘ಸೆಡ್’ ಎಂಬ ಸಾದಾ ಪದಕ್ಕೇ ಮೊದಲ ಮರ್ಯಾದೆ, ಏಕೆಂದರೆ ಅದು ಯಾರ ಪಕ್ಷವನ್ನೂ ವಹಿಸುವುದಿಲ್ಲ. ‘ಕ್ಲೈಮ್ಡ್’ ಎಂದರೆ ಹೇಳಿದ್ದನ್ನು ನಂಬಲು ವರದಿಗಾರರು ಹಿಂಜರಿಯುತ್ತಿದ್ದಾರೆ ಎಂಬ ನೆರಳು ಬೀಳುತ್ತದೆ. ‘ಅಡ್ಮಿಟೆಡ್’ ಎಂದರೆ ಏನೋ ತಪ್ಪು ನಡೆದಿತ್ತು ಎಂದಾಗುತ್ತದೆ. ತನಗೆ ಅರವತ್ತು ವರ್ಷ ಎಂದು ಹೇಳಿದ ಮಹಿಳೆಯ ಬಗ್ಗೆ ‘ಅಡ್ಮಿಟೆಡ್ ದಟ್ ಶಿ ವಾಸ್ ಸಿಕ್ಸ್ಟಿ’ ಎಂದು ಬರೆದರೆ ವಯಸ್ಸಾಗುವುದೇ ಅಪರಾಧವೆಂಬಂತೆ ಕೇಳಿಸುತ್ತದೆ. ‘ರಿವೀಲ್ಡ್’ ಎಂದರೆ ಹೇಳಿದ್ದು ನಿಜ, ಇಷ್ಟು ದಿನ ಮುಚ್ಚಿಟ್ಟಿದ್ದರು ಎಂಬ ಎರಡು ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಕೊಂಡಂತೆ. ‘ರೆಫ್ಯೂಟೆಡ್’ ಎಂಬುದನ್ನು ಬರೀ ಅಲ್ಲಗಳೆದರು ಎಂಬ ಅರ್ಥದಲ್ಲಿ ಬಳಸುವವರು ಹೆಚ್ಚಿದ್ದಾರೆ, ನಿಘಂಟುಗಳೂ ಆ ಬಳಕೆಯನ್ನು ದಾಖಲಿಸಿವೆ. ಆದರೂ ಸಾಕ್ಷ್ಯ ಕೊಟ್ಟು ಸುಳ್ಳೆಂದು ಸಾಬೀತುಮಾಡುವುದು ಅದರ ಹಳೆಯ ಅರ್ಥ. ರಾಜಕಾರಣಿಯೊಬ್ಬರು ಬರೀ ‘ಇಲ್ಲ’ ಎಂದಾಗ ‘ರೆಫ್ಯೂಟೆಡ್’ ಎಂದು ಬರೆದರೆ, ಅವರು ಕೊಡದ ಸಾಕ್ಷ್ಯವನ್ನು ಪತ್ರಿಕೆಯೇ ಕೊಟ್ಟಂತಾಗುತ್ತದೆ. ಕನ್ನಡ ಪತ್ರಿಕೆಗಳ ‘ಕಿಡಿಕಾರಿದರು’, ‘ಗುಡುಗಿದರು’, ‘ವ್ಯಂಗ್ಯವಾಡಿದರು’ ಓದಿ ಬೆಳೆದವರು ಇಂಗ್ಲಿಷಿಗೆ ಬಂದಾಗ ಅದೇ ಖಾರವನ್ನು ನಿರೀಕ್ಷಿಸುತ್ತಾರೆ. ಎರಡೂ ಭಾಷೆಗಳಲ್ಲಿ ಸಾದಾ ‘ಹೇಳಿದರು’ ಎಂಬುದಕ್ಕೆ ಇರುವ ಘನತೆ ದೊಡ್ಡದು.

ಸಂಶೋಧನಾ ಬರಹದಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಹಿಂದಿನ ವಿದ್ವಾಂಸರ ಮಾತನ್ನು ವರದಿ ಮಾಡುವಾಗ ತನ್ನ ನಿಲುವೇನು ಎಂದು ತಿಳಿಸುವುದು ಲೇಖಕರ ಕರ್ತವ್ಯ. ಜೆಫ್ ಥಾಂಪ್ಸನ್ ಮತ್ತು ಯೆ ಯಿಯುನ್ 1991ರ ಲೇಖನವೊಂದರಲ್ಲಿ ಈ ಕ್ರಿಯಾಪದಗಳು ಹೇಗೆ ಮೌಲ್ಯಮಾಪನದ ಕೆಲಸ ಮಾಡುತ್ತವೆ ಎಂಬುದನ್ನು ಪರಿಶೀಲಿಸಿದರು. ‘ಶೋ’, ‘ಡೆಮಾನ್‌ಸ್ಟ್ರೇಟ್’, ‘ಎಸ್ಟಾಬ್ಲಿಶ್’ ಎಂದು ಬರೆದವರು ಆ ಫಲಿತಾಂಶವನ್ನು ತಾವೂ ಒಪ್ಪಿದ್ದಾರೆ. ‘ಆರ್ಗ್ಯೂ’, ‘ಸಜೆಸ್ಟ್’ ಎಂದವರು ವಾದವನ್ನು ಮುಂದಿಟ್ಟು ನಿಂತಿದ್ದಾರೆ. ‘ಕ್ಲೈಮ್’ ಎಂದವರು ಮುಂದಿನ ಸಾಲಿನಲ್ಲಿ ಅದನ್ನು ಖಂಡಿಸಲು ಸಿದ್ಧರಾಗಿರಬಹುದು. ನಮ್ಮ ವಿಶ್ವವಿದ್ಯಾಲಯಗಳ ಪ್ರಬಂಧಗಳಲ್ಲಿ ಎಲ್ಲದಕ್ಕೂ ‘ಮೆನ್ಷನ್ಡ್’ ಬೀಳುವುದುಂಟು. ‘ಮೆನ್ಷನ್’ ಎಂದರೆ ಮಾತಿನ ಮಧ್ಯೆ ಹಾಗೇ ಪ್ರಸ್ತಾಪಿಸುವುದು. ಜೀವಮಾನದ ಸಂಶೋಧನೆಯ ತೀರ್ಮಾನವನ್ನು ‘ಮೆನ್ಷನ್ಡ್’ ಎಂದು ವರದಿ ಮಾಡುವುದು ಆ ವಿದ್ವಾಂಸರಿಗೆ ಮಾಡುವ ಅನ್ಯಾಯ.

ಕಥೆ, ಕಾದಂಬರಿಯ ಸಂಭಾಷಣೆಯಲ್ಲಿ ಮಾತ್ರ ಈ ಸಿರಿವಂತಿಕೆ ಬೇಡವೆನ್ನುವವರಿದ್ದಾರೆ. ಅಮೆರಿಕದ ಕಾದಂಬರಿಕಾರ ಎಲ್ಮೋರ್ ಲೆನಾರ್ಡ್ 2001ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ತಮ್ಮ ಹತ್ತು ಸೂತ್ರಗಳಲ್ಲಿ, ಸಂಭಾಷಣೆಗೆ ‘ಸೆಡ್’ ಬಿಟ್ಟು ಬೇರೆ ಕ್ರಿಯಾಪದ ಬಳಸಬಾರದು ಎಂಬುದನ್ನೂ ಸೇರಿಸಿದರು. ಅದು ನೇರ ಮಾತಿಗೆ ಸರಿ, ಏಕೆಂದರೆ ಅಲ್ಲಿ ಪಾತ್ರದ ಮಾತೇ ಓದುಗರ ಕಣ್ಣೆದುರಿಗಿದೆ, ದನಿ ಅದರಲ್ಲೇ ಕೇಳಿಸುತ್ತದೆ. ವರದಿ ಮಾತಿನಲ್ಲಿ ಮೂಲ ಮಾತು ಮರೆಯಾಗಿರುವುದರಿಂದ ಸೂತ್ರ ಅಲ್ಲಿಗೆ ಅನ್ವಯಿಸುವುದಿಲ್ಲ.

ಆಡಿದವರೇ ಗೊತ್ತಿಲ್ಲದಾಗ

ಕೆಲವೊಮ್ಮೆ ಮಾತು ಯಾರದೆಂದೇ ಗೊತ್ತಿರುವುದಿಲ್ಲ, ಅಥವಾ ಹೇಳಬೇಕಿರುವುದಿಲ್ಲ. ಕನ್ನಡದಲ್ಲಿ ಇದಕ್ಕೆ ‘ಅಂತೆ’ ಇದೆ. ‘ಅವರು ಊರು ಬಿಟ್ಟರಂತೆ’ ಎಂದರೆ ಕೇಳಿದ್ದನ್ನು ಹೇಳುತ್ತಿದ್ದೇನೆ, ಕಂಡದ್ದನ್ನಲ್ಲ ಎಂಬುದು ಎರಡಕ್ಷರದಲ್ಲಿ ಮುಗಿಯಿತು. ಇಂಗ್ಲಿಷ್ ಇದನ್ನು ಕರ್ಮಣಿಯಲ್ಲಿ ಸಾಧಿಸುತ್ತದೆ: ‘ದೇ ಆರ್ ಸೆಡ್ ಟು ಹ್ಯಾವ್ ಲೆಫ್ಟ್ ಟೌನ್’. ‘ಆರ್ ಬಿಲೀವ್ಡ್ ಟು’, ‘ಆರ್ ರಿಪೋರ್ಟೆಡ್ ಟು’, ‘ಆರ್ ಅಲೆಜ್ಡ್ ಟು’ ಇದೇ ಅಚ್ಚಿನವು. ಮೊದಲನೆಯದರಲ್ಲಿ ನಂಬಿಕೆ, ಎರಡನೆಯದರಲ್ಲಿ ಸುದ್ದಿ, ಮೂರನೆಯದರಲ್ಲಿ ಇನ್ನೂ ಸಾಬೀತಾಗದ ಆರೋಪ. ಕಡೆಯದನ್ನು ಸೇರಿಸಿದ ಮಾತ್ರಕ್ಕೆ ಮಾನಹಾನಿಯ ಹೊಣೆ ಕಳಚುವುದಿಲ್ಲ. ಇನ್ನೊಬ್ಬರ ಅಪವಾದವನ್ನು ದಾಟಿಸುವವರೂ ಅದಕ್ಕೆ ಉತ್ತರ ಕೊಡಬೇಕಾಗಬಹುದು.

ಇಷ್ಟೊಂದು ಕ್ರಿಯಾಪದಗಳ ಕಟ್ಟನ್ನು ನೆನಪಿಡುವುದು ಹೇಗೆ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ನಿಘಂಟುಗಳಲ್ಲೇ ಇದೆ, ಆದರೆ ಎಲ್ಲ ನಿಘಂಟುಗಳಲ್ಲಿ ಅಲ್ಲ. ಇಂಗ್ಲಿಷ್–ಕನ್ನಡ ನಿಘಂಟು ಅರ್ಥ ಕೊಡುತ್ತದೆ. ಕಟ್ಟು ತಿಳಿಯಲು ಕಲಿಯುವವರಿಗೆಂದೇ ಮಾಡಿದ ನಿಘಂಟು ಬೇಕು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ತಮ್ಮ ಇಬ್ಬರು ಸಹೋದ್ಯೋಗಿಗಳ ಜೊತೆ ಅಂಥದೊಂದು ನಿಘಂಟನ್ನು ಸಿದ್ಧಪಡಿಸಿದರು. ಅದು 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾಯಿತು, 1948ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅದನ್ನು ಹೊರತಂದಿತು. ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದೇ. ಪ್ರತಿ ಕ್ರಿಯಾಪದ ಯಾವ ವಾಕ್ಯಮಾದರಿಗೆ ಸೇರುತ್ತದೆ ಎಂದು ಗುರುತಿಸಿ ತೋರಿಸಿದ್ದು ಆ ನಿಘಂಟಿನ ವೈಶಿಷ್ಟ್ಯ. ಪರಕೀಯ ವಿದ್ಯಾರ್ಥಿ ಎಡವುವುದು ಅಲ್ಲೇ ಎಂಬುದನ್ನು ತರಗತಿಯಲ್ಲಿ ಕಂಡವರು ಮಾಡಿದ ಕೆಲಸವದು. 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ಒಂದು ಹೆಜ್ಜೆ ಮುಂದೆ ಹೋಗಿ, ಅರ್ಥವನ್ನೇ ಪೂರ್ಣ ವಾಕ್ಯದಲ್ಲಿ ಕೊಟ್ಟು ಪದದ ಬಳಕೆಯನ್ನು ಅದರೊಳಗೇ ತೋರಿಸಿತು.

ಇಂಥ ನಿಘಂಟಿನಲ್ಲಿ ‘ಸಜೆಸ್ಟ್’ ತೆಗೆದು ನೋಡಿದರೆ, ಬೆನ್ನಿಗೆ ವಸ್ತು ಬಂದು ಆಮೇಲೆ ‘ಟು’ ಜೊತೆ ವ್ಯಕ್ತಿ ಬರುವ ಮಾದರಿ ಇದೆ, ‘ಇಂಗ್’ ಮಾದರಿ ಇದೆ, ‘ದಟ್’ ಮಾದರಿಯೂ ಇದೆ. ‘ಶಿ ಸಜೆಸ್ಟೆಡ್ ಮಿ ಟು ಗೋ’ ಎಂದು ಬರೆದು ರೂಢಿಯಾದವರು ಹುಡುಕುವ ಮಾದರಿ, ಅಂದರೆ ಕ್ರಿಯಾಪದದ ಬೆನ್ನಿಗೇ ವ್ಯಕ್ತಿ ಬಂದು ಆಮೇಲೆ ‘ಟು’ ಬರುವುದು, ಅಲ್ಲಿಲ್ಲ. ಅದು ಸಿಗುವುದು ‘ಅಡ್ವೈಸ್’ ಎಂಬ ಪದದ ಕೆಳಗೆ.